ಕಿಟಕಿ ಗಾಜು ತೊಳೆಯುವ ಕೆಲಸಕ್ಕೆ ಅಪ್ರೆಂಟಿಸ್: ಸೇರಿಸಿಕೊಳ್ಳುವ ಮುಂಚೆ ತಿಳಿದಿರಬೇಕಾದ್ದು

ಒಂದು ಬಕೆಟ್, ಒಂದು ವೈಪರ್, ಒಂದು ಏಣಿ, ನಾಲ್ಕು ಬಟ್ಟೆ. ಕಿಟಕಿ ಗಾಜು ತೊಳೆಯುವ ವ್ಯಾಪಾರ ಎಷ್ಟೋ ಸಲ ಇಷ್ಟರಿಂದಲೇ ಶುರುವಾಗುತ್ತದೆ. ಹೋಗುವವರೂ ಒಬ್ಬರೇ, ತೊಳೆಯುವವರೂ ಒಬ್ಬರೇ. ಕೆಲಸ ಚೆನ್ನಾಗಿದ್ದರೆ ಗಿರಾಕಿಗಳು ಒಬ್ಬರಿಂದ ಒಬ್ಬರಿಗೆ ಹೇಳಿ ಸಂಖ್ಯೆ ಬೆಳೆಯುತ್ತದೆ. ಆಮೇಲೆ ಒಂದು ದಿನ ಹೆಗಲು ನೋಯಲು ಶುರುವಾಗುತ್ತದೆ, ಹೊಸಬರು ಫೋನ್ ಮಾಡಿದರೆ ‘ಮುಂದಿನ ತಿಂಗಳು ನೋಡೋಣ’ ಎನ್ನಬೇಕಾಗುತ್ತದೆ. ಆಗ ತಲೆಗೆ ಬರುವ ಮೊದಲ ಯೋಚನೆ ಇದು: ಒಬ್ಬ ಅಪ್ರೆಂಟಿಸ್ ಸಿಕ್ಕರೆ ಸಾಕು, ಖರ್ಚು ಕಡಿಮೆ, ಕೆಲಸ ದುಪ್ಪಟ್ಟು.

ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಮೊದಲ ಕೆಲವು ತಿಂಗಳು ಕೆಲಸ ದುಪ್ಪಟ್ಟಾಗುವುದಿಲ್ಲ, ಕಡಿಮೆಯಾಗುತ್ತದೆ. ಯಾಕೆ ಅಂತ ಗೊತ್ತಾಗಬೇಕಾದರೆ ಅಪ್ರೆಂಟಿಸ್ ಅಂದರೆ ಯಾರು, ಈ ಕೆಲಸದಲ್ಲಿ ಕಲಿಯುವುದಕ್ಕೆ ಏನಿದೆ, ಯಾವುದನ್ನು ಮೊದಲು ಕಲಿಸಬೇಕು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಸಬರನ್ನು ಸೇರಿಸಿಕೊಳ್ಳುವವರಿಗೆ ಮಾತ್ರ ಅಲ್ಲ, ಮಗನನ್ನೋ ಮಗಳನ್ನೋ ಇಂಥ ಕೆಲಸಕ್ಕೆ ಕಳಿಸುವ ಯೋಚನೆಯಲ್ಲಿ ಇರುವವರಿಗೂ ಇದು ಬೇಕಾಗುತ್ತದೆ.

ಅಪ್ರೆಂಟಿಸ್ ಬೇರೆ, ಕೈಯಾಳು ಬೇರೆ

ಕೈಯಾಳು ಅಂದರೆ ಹೇಳಿದ ಕೆಲಸ ಮಾಡಿ ಕೂಲಿ ತೆಗೆದುಕೊಳ್ಳುವವರು. ಬಕೆಟ್ ತುಂಬಿಸು ಅಂದರೆ ತುಂಬಿಸುತ್ತಾರೆ, ಏಣಿ ಹಿಡಿ ಅಂದರೆ ಹಿಡಿಯುತ್ತಾರೆ. ಹತ್ತು ವರ್ಷ ಏಣಿ ಹಿಡಿದರೂ ಮಾಲೀಕರು ಮಾತು ತಪ್ಪಿದ ಹಾಗಾಗುವುದಿಲ್ಲ, ಯಾಕೆಂದರೆ ಅವರು ಕಲಿಸುತ್ತೇನೆ ಅಂತ ಹೇಳಿಯೇ ಇಲ್ಲ.

ಅಪ್ರೆಂಟಿಸ್ ವಿಷಯ ಹಾಗಲ್ಲ. ಇಲ್ಲಿ ಎರಡು ಕಡೆಯಿಂದಲೂ ಮಾತು ಕೊಟ್ಟಿರುತ್ತಾರೆ. ಕಲಿಯುವವರು ದುಡಿಯುತ್ತಾರೆ, ಕಲಿಸುವವರು ಆ ಕಸುಬನ್ನು ಪೂರ್ತಿಯಾಗಿ ಕೈಗೆ ಹತ್ತಿಸುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಅಪ್ರೆಂಟಿಸ್‌ಶಿಪ್ ಬಗ್ಗೆಯೇ ಒಂದು ಶಿಫಾರಸನ್ನು ಒಪ್ಪಿಕೊಂಡಿತು, ಅದರ ಸಂಖ್ಯೆ 208. ಅದರ ಪ್ರಕಾರ ಅಪ್ರೆಂಟಿಸ್‌ಶಿಪ್ ಅಂತ ಕರೆಯಬೇಕಾದರೆ ಒಂದು ಕರಾರು ಇರಬೇಕು, ಕಲಿಯುವವರಿಗೆ ಹಣ ಸಿಗಬೇಕು, ತರಬೇತಿಗೆ ಒಂದು ಕ್ರಮ ಇರಬೇಕು, ಕೆಲಸದ ಜಾಗದಲ್ಲೂ ಅದರ ಹೊರಗೂ ಕಲಿಕೆ ನಡೆಯಬೇಕು, ಕೊನೆಗೆ ಎಲ್ಲರೂ ಒಪ್ಪುವ ಒಂದು ಅರ್ಹತೆ ಕೈಗೆ ಸಿಗಬೇಕು. ಶಿಫಾರಸು ಅಂದರೆ ಕಾನೂನಲ್ಲ, ದೇಶಗಳು ತಮ್ಮ ನಿಯಮ ಮಾಡಿಕೊಳ್ಳುವಾಗ ನೋಡುವ ಮಾದರಿ ಅಷ್ಟೆ. ಆಯಾ ದೇಶದ ನಿಯಮ ಬೇರೆ ಇರುತ್ತದೆ, ಕೆಲವು ಕಡೆ ಗಾಜು ತೊಳೆಯುವ ಕಸುಬಿಗೆ ಅಂತಲೇ ಅಪ್ರೆಂಟಿಸ್ ನೋಂದಣಿ ಇರುವುದಿಲ್ಲ. ಆಗಲೂ ಮಾಲೀಕರು ತಾವಾಗಿಯೇ ಇದೇ ಕ್ರಮದಲ್ಲಿ ಕಲಿಸಬಹುದು. ಆದರೆ ಸಂಬಳ ಕಡಿಮೆ ಕೊಡಲು ಬರೀ ‘ಅಪ್ರೆಂಟಿಸ್’ ಅನ್ನುವ ಹೆಸರು ಬಳಸುವುದು ತಪ್ಪು. ಕಾನೂನಿನಲ್ಲಿ ನೋಂದಣಿ ಆಗದೆ ಇದ್ದರೆ ಅವರು ಸಾಮಾನ್ಯ ಕೆಲಸಗಾರರೇ, ಕೆಲಸಗಾರರಿಗೆ ಸಿಗಬೇಕಾದ ಸಂಬಳ ಅವರಿಗೂ ಸಿಗಬೇಕು.

ಗಾಜು ಒರೆಸುವುದರಲ್ಲಿ ಕಲಿಯುವುದಕ್ಕೆ ಏನಿದೆ?

ಹೊರಗಿನವರು ಮೊದಲು ಕೇಳುವುದೇ ಈ ಪ್ರಶ್ನೆ. ಎಲ್ಲರೂ ಮನೆಯಲ್ಲಿ ಗಾಜು ಒರೆಸುತ್ತಾರೆ, ಅಲ್ವಾ? ಹೌದು. ಒರೆಸಿದ ಮೇಲೆ ಬಿಸಿಲು ಬಿದ್ದಾಗ ಗಾಜಿನ ಮೇಲೆ ಗೆರೆಗಳು ಕಾಣುವುದನ್ನೂ ಎಲ್ಲರೂ ನೋಡಿರುತ್ತಾರೆ. ಆ ಗೆರೆ ಯಾಕೆ ಬರುತ್ತದೆ ಅನ್ನುವಲ್ಲಿಂದಲೇ ಕಸುಬು ಶುರು.

ಬಟ್ಟೆಯಿಂದ ಒರೆಸಿದಾಗ ಕೊಳೆ ಪೂರ್ತಿ ಹೋಗುವುದಿಲ್ಲ. ಒಂದಿಷ್ಟು ಬಟ್ಟೆಗೆ ಅಂಟುತ್ತದೆ, ಉಳಿದದ್ದು ಗಾಜಿನ ತುಂಬ ತೆಳ್ಳಗೆ ಹರಡುತ್ತದೆ. ಕಸುಬಿನವರು ಮಾಡುವುದು ಬೇರೆ. ಮೊದಲು ಸೋಪಿನ ನೀರಿನಿಂದ ಕೊಳೆಯನ್ನು ಸಡಿಲಮಾಡಿ ನೀರಿನಲ್ಲಿ ತೇಲುವ ಹಾಗೆ ಮಾಡುತ್ತಾರೆ, ಆಮೇಲೆ ಆ ನೀರನ್ನೇ ರಬ್ಬರ್ ಪಟ್ಟಿಯಿಂದ ಎಳೆದು ಹೊರಗೆ ಹಾಕುತ್ತಾರೆ. ಮಳೆಯಲ್ಲಿ ಕಾರಿನ ವೈಪರ್ ಮಾಡುವುದೂ ಇದನ್ನೇ. ಸೋಪು ತುಂಬ ಬೇಕಿಲ್ಲ, ಒಂದು ಬಕೆಟ್ಟಿಗೆ ಕೆಲವೇ ಹನಿ ಸಾಕು. ಸೋಪಿನ ಕೆಲಸ ಕೊಳೆ ಬಿಡಿಸುವುದಷ್ಟೇ ಅಲ್ಲ, ರಬ್ಬರ್ ತಡೆಯಿಲ್ಲದೆ ಜಾರುವಂತೆ ಮಾಡುವುದೂ ಹೌದು. ಜಾಸ್ತಿ ಹಾಕಿದರೆ ಅದೇ ಒಣಗಿ ಮಂಜಿನ ಹಾಗೆ ಉಳಿಯುತ್ತದೆ. ಹೊಸದಾಗಿ ಕಲಿಯುವವರು ಮಾಡುವ ಮೊದಲ ತಪ್ಪು ಸಾಮಾನ್ಯವಾಗಿ ಇದೇ.

ಈಗ ಎಲ್ಲ ಕಡೆ ಕಾಣುವ ಕೈ ವೈಪರ್‌ಗೂ ಒಂದು ಕತೆಯಿದೆ. ಮುಂಚೆ ಇದ್ದದ್ದು ಉಕ್ಕಿನ ಭಾರದ ಉಪಕರಣ, ರಬ್ಬರ್ ಬದಲಿಸಬೇಕಾದರೆ ಹಲವು ತಿರುಪು ಬಿಚ್ಚಬೇಕಿತ್ತು. ಇಟಲಿಯಿಂದ ಅಮೆರಿಕಕ್ಕೆ ಬಂದು ಕಿಟಕಿ ತೊಳೆಯುವ ಕೆಲಸ ಮಾಡುತ್ತಿದ್ದ ಎಟ್ಟೋರೆ ಸ್ಟೆಕೋನೆ ಹಿತ್ತಾಳೆಯ, ಹಗುರವಾದ, ಒಂದೇ ರಬ್ಬರ್ ಪಟ್ಟಿಯ ವೈಪರ್ ಮಾಡಿ 1936ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ವೈಪರ್ ಹೆಚ್ಚುಕಡಿಮೆ ಅದೇ ಆಕಾರದಲ್ಲಿದೆ. ದಿನವೂ ಆ ಭಾರ ಎತ್ತಿದ ಕೈಯೇ ಅದನ್ನು ಹಗುರ ಮಾಡಿತು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ವೈಪರ್ ಎಳೆಯುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಮೇಲಿನಿಂದ ಕೆಳಗೆ ನೇರವಾಗಿ ಎಳೆಯುವುದು, ಪ್ರತಿ ಸಲವೂ ಹಿಂದಿನ ಪಟ್ಟಿಯ ಮೇಲೆ ಸ್ವಲ್ಪ ಹತ್ತುವ ಹಾಗೆ. ಇದನ್ನು ಒಂದೆರಡು ದಿನದಲ್ಲಿ ಕಲಿಯಬಹುದು. ಇನ್ನೊಂದು, ರಬ್ಬರನ್ನು ಗಾಜಿನಿಂದ ಎತ್ತದೆ ಹಾವಿನ ನಡೆಯಂತೆ ಅತ್ತಿತ್ತ ತಿರುಗಿಸುತ್ತಾ ಮೇಲಿನಿಂದ ಕೆಳಗೆ ಬರುವುದು. ಇದು ಬೇಗ ಮುಗಿಯುತ್ತದೆ, ಆದರೆ ಮಣಿಕಟ್ಟು ಪಳಗಬೇಕು. ತಿರುಗುವಾಗ ನೀರು ಯಾವಾಗಲೂ ರಬ್ಬರಿನ ಮುಂದೆಯೇ ಇರಬೇಕು, ಒರೆಸಿ ಒಣಗಿದ ಕಡೆಗೆ ಒಂದು ಹನಿಯೂ ಹೋಗಬಾರದು. ಸೈಕಲ್ ಕಲಿತ ಹಾಗೆಯೇ, ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಸಾವಿರ ಸಲ ಎಳೆದ ಮೇಲೆ ಒಂದು ದಿನ ಸುಮ್ನೆ ಬಂದುಬಿಡುತ್ತದೆ.

ಆದರೆ ಕೈಚಳಕಕ್ಕಿಂತ ನಿಧಾನವಾಗಿ ಬರುವುದು ಗಾಜನ್ನು ಓದುವ ಕಣ್ಣು. ಗಾಜಿನ ಮೇಲೆ ಪೇಂಟ್ ಹನಿ, ಸಿಮೆಂಟ್, ಸ್ಟಿಕರ್ ಅಂಟು ಇದ್ದರೆ ಬ್ಲೇಡ್ ಹಾಕಿ ಕೆರೆಯುವುದು ವಾಡಿಕೆ. ಕೆರೆಯುವ ಮೊದಲು ಗಾಜು ಚೆನ್ನಾಗಿ ಒದ್ದೆಯಾಗಿರಬೇಕು, ಬ್ಲೇಡ್ ಹೊಸದಾಗಿರಬೇಕು, ಮುಂದಕ್ಕೆ ಮಾತ್ರ ತಳ್ಳಬೇಕು, ಒತ್ತಿಕೊಂಡೇ ಹಿಂದಕ್ಕೆ ಎಳೆಯಬಾರದು. ಹಿಂದಕ್ಕೆ ಎಳೆದರೆ ಬ್ಲೇಡಿನ ಕೆಳಗೆ ಸಿಕ್ಕಿದ ಮರಳಿನ ಕಣವೇ ಗೆರೆ ಹಾಕುತ್ತದೆ.

ಇಷ್ಟೆಲ್ಲಾ ಸರಿಯಾಗಿ ಮಾಡಿದರೂ ಟಫನ್ಡ್ ಗಾಜು ಕೈಕೊಡಬಹುದು. ಈ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯಿಸಿ, ಗಾಳಿ ಬೀಸಿ ಥಟ್ಟನೆ ತಣ್ಣಗೆ ಮಾಡಿರುತ್ತಾರೆ, ಅದರಿಂದ ಅದು ಗಟ್ಟಿ. ಕಾಯಿಸುವ ಮುನ್ನ ಸರಿಯಾಗಿ ತೊಳೆಯದೆ ಇದ್ದರೆ ಗಾಜಿನ ಪುಡಿ ಮೇಲ್ಮೈಗೆ ಬೆಸೆದುಕೊಂಡುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಕೆಲವೊಮ್ಮೆ ತರಿತರಿಯಾಗಿ ಸಿಗುತ್ತದೆ. ಬ್ಲೇಡ್ ಹಾಕಿದ ತಕ್ಷಣ ಆ ಕಣಗಳು ಕಿತ್ತುಬಂದು ಬ್ಲೇಡಿನ ಜೊತೆ ಉಜ್ಜಿಕೊಂಡು ಹೋಗುತ್ತವೆ, ಗಾಜಿನ ಉದ್ದಕ್ಕೂ ಗೀರು. ಟಫನ್ಡ್ ಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಮುದ್ರೆ ಇರುತ್ತದೆ. ಬ್ಲೇಡ್ ಕೈಗೆ ತೆಗೆದುಕೊಳ್ಳುವ ಮುಂಚೆ ಆ ಮೂಲೆ ನೋಡುವ ಅಭ್ಯಾಸವನ್ನು ಮೊದಲ ವಾರವೇ ಮಾಡಿಸಬೇಕು. ಮುದ್ರೆ ಇಲ್ಲ ಅಂದಮಾತ್ರಕ್ಕೆ ಟಫನ್ಡ್ ಅಲ್ಲ ಅಂತಲೂ ಅಲ್ಲ, ಅನುಮಾನ ಬಂದರೆ ಬ್ಲೇಡ್ ಬೇಡ, ಗಿರಾಕಿಯ ಜೊತೆ ಮಾತಾಡಿ. ಇಡೀ ದಿನದ ಸಂಪಾದನೆ ಒಂದೇ ಗೀರಿನಲ್ಲಿ ಹೋದದ್ದನ್ನು ನೋಡಿದವರು ಇದನ್ನು ಮರೆಯುವುದಿಲ್ಲ.

ಉದ್ದನೆಯ ಕೋಲಿನ ತುದಿಯ ಬ್ರಷ್‌ಗೆ ನೀರು ಹರಿಸಿ ನೆಲದಿಂದಲೇ ತೊಳೆಯುವ ಪದ್ಧತಿ ಈಗ ಜಾಸ್ತಿಯಾಗಿದೆ. ಅಲ್ಲಿ ವೈಪರ್ ಇಲ್ಲ, ಒರೆಸುವುದೂ ಇಲ್ಲ, ನೀರು ತಾನಾಗಿ ಒಣಗುತ್ತದೆ. ಹಾಗಾದರೆ ಕಲೆ ಯಾಕೆ ಉಳಿಯುವುದಿಲ್ಲ? ಮಾಮೂಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಥರದ ಖನಿಜಗಳು ಕರಗಿರುತ್ತವೆ, ನೀರು ಆರಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುವುದು ಅವೇ. ಈ ಕೆಲಸಕ್ಕೆ ಬಳಸುವ ನೀರನ್ನು ಮೊದಲು ಆರ್‌ಒ ಪೊರೆಯ ಮೂಲಕ, ಆಮೇಲೆ ರೆಸಿನ್ ಅನ್ನುವ, ಖನಿಜ ಹಿಡಿದಿಡುವ ಸಣ್ಣ ಮಣಿಗಳು ತುಂಬಿದ ಡಬ್ಬದ ಮೂಲಕ ಹಾಯಿಸಿ ಖನಿಜಗಳನ್ನು ತೆಗೆದಿರುತ್ತಾರೆ. ನೀರಿನಲ್ಲಿ ಏನೂ ಇಲ್ಲದಿದ್ದರೆ ಆರಿದ ಮೇಲೆ ಏನೂ ಉಳಿಯುವುದಿಲ್ಲ. ಟಿಡಿಎಸ್ ಮೀಟರ್ ಅನ್ನುವ ಪೆನ್ನಿನಂಥ ಸಾಧನವನ್ನು ನೀರಿನಲ್ಲಿ ಅದ್ದಿದರೆ ಎಷ್ಟು ಕರಗಿದೆ ಅಂತ ತೋರಿಸುತ್ತದೆ. 10 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 10 ಭಾಗ) ಒಳಗಿದ್ದರೆ ಕೆಲಸ ಶುರು ಮಾಡಬಹುದು ಅನ್ನುವುದು ಈ ಕಸುಬಿನ ಸಾಮಾನ್ಯ ಅಳತೆ. ದಿನಾ ಬೆಳಿಗ್ಗೆ ಮೀಟರ್ ನೋಡಿ ಬರೆದಿಡುವ ಕೆಲಸವನ್ನು ಅಪ್ರೆಂಟಿಸ್‌ಗೇ ಕೊಡಿ. ರೆಸಿನ್ ಯಾವಾಗ ಮುಗಿಯುತ್ತಾ ಬಂತು ಅನ್ನುವುದು ಆ ಅಂಕಿಗಳನ್ನು ನೋಡುತ್ತಲೇ ಅವರಿಗೆ ಅರ್ಥವಾಗುತ್ತದೆ.

ಮೊದಲು ನೆಲ, ಆಮೇಲೆ ಏಣಿ, ಹಗ್ಗ ಎಲ್ಲಕ್ಕಿಂತ ಕೊನೆಗೆ

ಗಾಜು ಹಾಳಾದರೆ ಬದಲಿಸಬಹುದು, ಬಿದ್ದ ಮನುಷ್ಯರನ್ನು ಬದಲಿಸಲು ಆಗುವುದಿಲ್ಲ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ರಾಜಿ ಬೇಡ. ಎರಡು ಕಾಲೂ ನೆಲದ ಮೇಲೆ ಇರುವಾಗ ಕೈ ಪೂರ್ತಿ ಪಳಗಬೇಕು. ಇದಕ್ಕೆ ಕಾರಣ ಬಹಳ ಸರಳ. ವೈಪರ್ ಎಳೆಯುವುದು ಇನ್ನೂ ಕಷ್ಟ ಇರುವವರ ಗಮನವೆಲ್ಲ ಗಾಜಿನ ಮೇಲೆಯೇ ಇರುತ್ತದೆ, ಕಾಲಿನ ಕಡೆ ಹೋಗುವುದಿಲ್ಲ. ನೆಲದಲ್ಲಿ ಅದು ಪರವಾಗಿಲ್ಲ, ಏಣಿಯ ಮೇಲೆ ಅದೇ ಜೀವಕ್ಕೆ ಬರುತ್ತದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುವ ಹಂತ ಬಂದ ಮೇಲೆ ಮಾತ್ರ ತಲೆ ಏಣಿಯ ಬಗ್ಗೆ ಯೋಚಿಸಲು ಬಿಡುವಾಗುತ್ತದೆ.

ಒರಗಿಸುವ ಏಣಿಗೆ ನಾಲ್ಕಕ್ಕೆ ಒಂದರ ಲೆಕ್ಕ: ಏಣಿ ಗೋಡೆಗೆ ತಾಗುವ ಜಾಗ 4 ಮೀಟರ್ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ 1 ಮೀಟರ್ ದೂರ. ಅಂದರೆ ಸುಮಾರು 75 ಡಿಗ್ರಿ ಕೋನ. ಬುಡ ಇದಕ್ಕಿಂತ ದೂರ ಹೋದರೆ ಜಾರುತ್ತದೆ, ಹತ್ತಿರ ಬಂದರೆ ಹತ್ತಿದವರು ಹಿಂದಕ್ಕೆ ವಾಲುತ್ತಾರೆ. ಹತ್ತುವಾಗ ಇಳಿಯುವಾಗ ಎರಡು ಕೈ ಎರಡು ಕಾಲಲ್ಲಿ ಯಾವಾಗಲೂ ಮೂರು ಏಣಿಗೆ ತಾಗಿರಬೇಕು. ಸೊಂಟದ ಬೆಲ್ಟಿನ ಬಕಲ್ ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು, ಇನ್ನೊಂದು ಗೇಣು ಕೈಚಾಚಿದರೆ ಸಿಗುತ್ತದೆ ಅನ್ನಿಸಿದರೆ ಕೆಳಗಿಳಿದು ಏಣಿ ಸರಿಸಬೇಕು. ಸೋಪಿನ ನೀರು ಚೆಲ್ಲಿದ ನೆಲದ ಮೇಲೆ ಏಣಿ ಇಡುವ ಕೆಲಸ ಇದು, ಬೇರೆ ಕಸುಬುಗಳಿಗಿಂತ ಜಾರುವ ಭಯ ಇಲ್ಲಿ ಜಾಸ್ತಿ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು.

ಕೋಲಿನಿಂದ ನೆಲದಲ್ಲೇ ನಿಂತು ತೊಳೆದರೆ ಬೀಳುವ ಭಯ ಇಲ್ಲ ನಿಜ. ಆದರೆ ಆ ಕೋಲು ಎಷ್ಟೋ ಸಲ ಕಾರ್ಬನ್ ಫೈಬರ್‌ದು, ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಕೋಲು ಎತ್ತುವ ಮುಂಚೆ ತಲೆ ಎತ್ತಿ ತಂತಿ ಇದೆಯಾ ನೋಡಬೇಕು, ಪ್ರತಿ ಮನೆಯಲ್ಲೂ, ಪ್ರತಿ ಸಲವೂ. ನಿನ್ನೆ ಬಂದ ಮನೆಯೇ ಆದರೂ.

ಎತ್ತರದ ಕಟ್ಟಡದಲ್ಲಿ ಹಗ್ಗಕ್ಕೆ ನೇತುಬಿದ್ದು ತೊಳೆಯುವವರನ್ನು ನೋಡಿ ಎಷ್ಟೋ ಹುಡುಗರು ಈ ಕೆಲಸಕ್ಕೆ ಆಸೆಪಡುತ್ತಾರೆ. ಅದು ಬೇರೆಯದೇ ಕಸುಬು, ಅದಕ್ಕೆ ಬೇರೆಯೇ ತರಬೇತಿ ಬೇಕು. ಈ ಕ್ಷೇತ್ರದ ಹೆಸರಾಂತ ಅಂತರರಾಷ್ಟ್ರೀಯ ಸಂಘ ಇರಾಟಾ ಮೂರು ಹಂತಗಳ ಪ್ರಮಾಣಪತ್ರ ಕೊಡುತ್ತದೆ. ಒಂದರಿಂದ ಎರಡನೇ ಹಂತಕ್ಕೆ ಹೋಗಬೇಕಾದರೆ ಕನಿಷ್ಠ 12 ತಿಂಗಳು ಕಳೆದಿರಬೇಕು, ಹಗ್ಗದ ಮೇಲೆ 1000 ಗಂಟೆ ಕೆಲಸ ಮಾಡಿ ಪುಸ್ತಕದಲ್ಲಿ ಬರೆಸಿರಬೇಕು. ಸೇರಲು 18 ತುಂಬಿರಬೇಕು. ಯಾವಾಗಲೂ ಎರಡು ಹಗ್ಗ ಇರುತ್ತವೆ, ಒಂದು ಕೆಲಸಕ್ಕೆ, ಇನ್ನೊಂದು ಅದು ಕೈಕೊಟ್ಟರೆ ಹಿಡಿಯುವುದಕ್ಕೆ. ಎರಡನ್ನೂ ಬೇರೆಬೇರೆ ಕಡೆ ಕಟ್ಟಿರುತ್ತಾರೆ. ಬಿದ್ದವರು ಹಾರ್ನೆಸ್‌ನಲ್ಲಿ, ಅಂದರೆ ಹಗ್ಗಕ್ಕೆ ಸೇರಿಸಲು ಮೈಗೆ ಕಟ್ಟಿಕೊಂಡ ಪಟ್ಟಿಗಳಲ್ಲಿ, ಅಲ್ಲಾಡದೆ ನೇತಾಡಿದರೆ ರಕ್ತ ಕಾಲಿಗೆ ಇಳಿದು ಕೆಲವೇ ನಿಮಿಷಗಳಲ್ಲಿ ಅಪಾಯವಾಗಬಹುದು. ಅದಕ್ಕೇ ಅವರನ್ನು ಹೇಗೆ ಇಳಿಸುವುದು ಅನ್ನುವುದನ್ನು ಹತ್ತುವ ಮೊದಲೇ ಗಟ್ಟಿ ಮಾಡಿಕೊಂಡಿರಬೇಕು. ಸಣ್ಣ ವ್ಯಾಪಾರದವರು ಒಂದು ಸೇಫ್ಟಿ ಬೆಲ್ಟ್ ಕೊಂಡು ತಂದು ಹೊಸಬರನ್ನು ಮಹಡಿಯಿಂದ ಇಳಿಬಿಡುವುದು ತರಬೇತಿ ಅಲ್ಲವೇ ಅಲ್ಲ.

ವಯಸ್ಸಿನ ವಿಷಯದಲ್ಲೂ ಒಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1973ರ 138ನೇ ಒಪ್ಪಂದ ಅಪಾಯದ ಕೆಲಸಕ್ಕೆ 18 ವರ್ಷವನ್ನು ಗಡಿಯಾಗಿ ಇಟ್ಟಿದೆ. ಪೂರ್ತಿ ರಕ್ಷಣೆ ಮತ್ತು ಸರಿಯಾದ ತರಬೇತಿ ಇದ್ದರೆ ಮಾತ್ರ ದೇಶಗಳು 16ರಿಂದ ಬಿಡಬಹುದು ಅನ್ನುತ್ತದೆ. ಎತ್ತರದ ಕೆಲಸವನ್ನು ಎಷ್ಟೋ ದೇಶಗಳು ಅಪಾಯದ ಪಟ್ಟಿಯಲ್ಲೇ ಸೇರಿಸಿವೆ.

ಸಮಯದ ಲೆಕ್ಕ

ಶುರುವಿನಲ್ಲಿ ಹೇಳಿದ ತಪ್ಪು ಲೆಕ್ಕಕ್ಕೆ ಈಗ ಬರೋಣ. ಒಬ್ಬರು ದಿನಕ್ಕೆ ಎಂಟು ಮನೆ ಮುಗಿಸುತ್ತಾರೆ ಅಂದುಕೊಳ್ಳಿ. ಅಪ್ರೆಂಟಿಸ್ ಬಂದ ಮೊದಲ ತಿಂಗಳು ಅದು ಹದಿನಾರಾಗುವುದಿಲ್ಲ, ಆರಕ್ಕೆ ಇಳಿಯಬಹುದು. ತೋರಿಸಬೇಕು, ಅವರು ಮಾಡುವುದನ್ನು ನಿಂತು ನೋಡಬೇಕು, ಗೆರೆ ಉಳಿದ ಗಾಜನ್ನು ಇನ್ನೊಮ್ಮೆ ಮಾಡಿಸಬೇಕು. ಆಮೇಲೆ ಮೆಲ್ಲಗೆ ಏಳು, ಎಂಟು, ಹತ್ತು. ಈ ಅಂಕಿಗಳು ಬರೀ ಉದಾಹರಣೆ, ಆದರೆ ಮೊದಲು ಇಳಿದು ಆಮೇಲೆ ಏರುವುದು ಮಾತ್ರ ಯಾರಿಗೂ ತಪ್ಪಿದ್ದಲ್ಲ. ಇಳಿಯುವ ಆ ತಿಂಗಳುಗಳಿಗೆ ಕೈಯಲ್ಲಿ ಹಣ ಇಟ್ಟುಕೊಂಡು, ಹೊಸ ಗಿರಾಕಿಗಳನ್ನು ಒಪ್ಪಿಕೊಳ್ಳದೆ ಶುರು ಮಾಡಬೇಕು. ಕೆಲಸ ಮೈಮೇಲೆ ಬಿದ್ದಿರುವ ಸಮಯದಲ್ಲಿ ಸೇರಿಸಿಕೊಂಡರೆ ಕಲಿಸಲು ಪುರುಸೊತ್ತೇ ಇರುವುದಿಲ್ಲ. ಅಪ್ರೆಂಟಿಸ್ ಬಕೆಟ್ ಹೊರುತ್ತಲೇ ಉಳಿದು ಬೇಸತ್ತು ಬಿಟ್ಟು ಹೋಗುತ್ತಾರೆ. ಹಾಗೆ ಹೋದವರನ್ನು ‘ಈಗಿನ ಹುಡುಗರಿಗೆ ಕೆಲಸ ಬೇಡ’ ಅಂತ ಬೈಯುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ.

ಖರ್ಚು ಬರೀ ಸಂಬಳದ್ದಲ್ಲ. ಕಲಿಯುವವರಿಗೆ ಅವರದೇ ವೈಪರ್, ಬೆಲ್ಟ್, ಜಾರದ ಬೂಟು ಬೇಕು. ಕೈ ಚರ್ಮ ಒಡೆಯದ ಹಾಗೆ ಕೈಗವಸು ಬೇಕು. ಅಪಘಾತ ವಿಮೆ ಬೇಕು, ಗಿರಾಕಿಯ ಸಾಮಾನು ಹಾಳಾದರೆ ತುಂಬಿಕೊಡುವ ವಿಮೆಯಲ್ಲಿ ಹೊಸಬರ ಹೆಸರೂ ಇದೆಯಾ ಅಂತ ಕೇಳಿ ತಿಳಿಯಬೇಕು. ಹೊಸಬರು ಒಡೆದ ಗಾಜಿನ ದುಡ್ಡನ್ನು ಅವರ ಸಂಬಳದಿಂದ ಹಿಡಿಯುವುದು ಕೆಲವರಿಗೆ ಸಹಜ ಅನ್ನಿಸುತ್ತದೆ. ಹಾಗೆ ಹಿಡಿಯಲು ಎಷ್ಟೋ ಕಡೆ ಕಾನೂನು ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಒಮ್ಮೆ ಹಿಡಿದರೆ ಮುಂದಿನ ಸಲ ಆದ ಗೀರನ್ನು ಅವರು ಮುಚ್ಚಿಡುತ್ತಾರೆ.

ಕಾಗದದಲ್ಲಿ ಏನಿರಬೇಕು

ಎರಡು ಪುಟ ಸಾಕು. ಎಷ್ಟು ತಿಂಗಳ ಕಲಿಕೆ, ಯಾವ ಹಂತದಲ್ಲಿ ಏನು ಕಲಿಸುತ್ತೀರಿ, ಸಂಬಳ ಎಷ್ಟು, ಯಾವ ಹಂತ ದಾಟಿದರೆ ಎಷ್ಟು ಏರುತ್ತದೆ, ರಜೆ, ಮಳೆಗಾಳಿಗೆ ಕೆಲಸ ನಿಂತ ದಿನದ ಸಂಬಳ, ಒಬ್ಬರಿಗೊಬ್ಬರು ಸರಿಹೋಗದಿದ್ದರೆ ಬಿಡುವುದು ಹೇಗೆ. ಗಾಳಿ ಜೋರಾದ ದಿನದ ಸಂಬಳದ ಸಾಲನ್ನು ಜನ ಮರೆಯುತ್ತಾರೆ. ಕೆಲಸ ನಿಂತರೆ ಸಂಬಳ ಇಲ್ಲ ಅಂದರೆ ಹೊಸಬರು ಗಾಳಿಯಲ್ಲೂ ಏಣಿ ಹತ್ತುತ್ತೇನೆ ಅನ್ನುತ್ತಾರೆ. ಕಲಿಸಿದ್ದನ್ನು ದಿನಾಂಕದ ಜೊತೆ ಬರೆದು ಇಬ್ಬರೂ ಸಹಿ ಹಾಕುವ ಒಂದು ಪುಸ್ತಕವೂ ಇರಲಿ, ಅದು ಮುಂದೆ ಅವರ ಕೈಯಲ್ಲಿ ಪ್ರಮಾಣಪತ್ರದ ಹಾಗೆ ಕೆಲಸಕ್ಕೆ ಬರುತ್ತದೆ.

ಬೇರೆಯವರ ಮನೆಯ ಒಳಗೆ

ಈ ಕಸುಬಿನಲ್ಲಿ ಕೆಲಸದ ಜಾಗ ಇನ್ನೊಬ್ಬರ ಮನೆ. ಒಳಗಿನಿಂದ ಗಾಜು ತೊಳೆಯುವಾಗ ಕಿಟಕಿಯ ಕಟ್ಟೆ ಮೇಲೆ ಇಟ್ಟ ಫೋಟೊ, ಗಿಡ, ಮಾತ್ರೆ ಡಬ್ಬ ಎಲ್ಲ ಎತ್ತಿಡಬೇಕು, ಆಮೇಲೆ ಇದ್ದಲ್ಲೇ ಇಡಬೇಕು. ಎತ್ತುವ ಮುಂಚೆ ಮನೆಯವರನ್ನು ಕೇಳಿ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಮರೆಯುವುದಿಲ್ಲ. ಹೊರಗಿನಿಂದ ತೊಳೆಯುವಾಗ ಒಳಗೆ ಏನೋ ಕಾಣುತ್ತದೆ. ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಹೇಳಬಾರದು. ಇದನ್ನೆಲ್ಲ ಯಾರೂ ಪಾಠ ಅಂದುಕೊಳ್ಳುವುದಿಲ್ಲ, ಆದರೆ ಗಿರಾಕಿ ಮತ್ತೆ ಕರೆಯುವುದು ಬಿಡುವುದು ಗಾಜಿನಷ್ಟೇ ಇದರ ಮೇಲೂ ನಿಂತಿದೆ.

ಕಲಿತು ಬಿಟ್ಟು ಹೋದರೆ?

ಈ ಭಯ ಎಲ್ಲರಿಗೂ ಇದೆ. ಬಕೆಟ್ ಮತ್ತು ವೈಪರ್ ಇದ್ದರೆ ಯಾರು ಬೇಕಾದರೂ ಸ್ವಂತ ವ್ಯಾಪಾರ ಶುರು ಮಾಡಬಹುದಾದ್ದರಿಂದ ಇಲ್ಲಿ ಇದು ಸುಳ್ಳು ಭಯವೂ ಅಲ್ಲ. ಕೆಲವರು ಕರಾರಿನಲ್ಲಿ ‘ಬಿಟ್ಟ ಮೇಲೆ ಇಷ್ಟು ವರ್ಷ ಇದೇ ಕೆಲಸ ಮಾಡಬಾರದು’ ಅಂತ ಬರೆಸುತ್ತಾರೆ. ಹೊಟ್ಟೆಪಾಡಿನ ದಾರಿಯನ್ನೇ ಮುಚ್ಚುವ ಇಂಥ ಷರತ್ತಿಗೆ ಎಷ್ಟೋ ಕಡೆ ನ್ಯಾಯಾಲಯದಲ್ಲಿ ಬೆಲೆ ಸಿಗುವುದಿಲ್ಲ. ನಿಮ್ಮ ಗಿರಾಕಿಗಳ ಪಟ್ಟಿಯನ್ನು ಬಳಸಬಾರದು ಅನ್ನುವ ಷರತ್ತು ಅದಕ್ಕಿಂತ ಗಟ್ಟಿ, ಅದನ್ನೂ ವಕೀಲರ ಹತ್ತಿರ ತೋರಿಸಿಯೇ ಬರೆಯಿರಿ. ಮತ್ತೆ, ಹೋಗುವವರು ಸುಮ್ನೆ ಹೋಗುವುದಿಲ್ಲ. ಕಲಿತು ಮುಗಿದ ಮೇಲೂ ಕಲಿಯುವವರ ಸಂಬಳವೇ ಸಿಗುತ್ತಿದ್ದರೆ ಹೋಗುತ್ತಾರೆ. ಕಲಿಕೆ ಮುಗಿದ ದಿನವೇ ಪೂರ್ತಿ ಸಂಬಳ ಶುರುವಾಗುತ್ತದೆ ಅಂತ ಮೊದಲೇ ಬರೆದಿಟ್ಟರೆ ಹೋಗುವ ಕಾರಣಗಳಲ್ಲಿ ದೊಡ್ಡದು ಅಲ್ಲೇ ಇಲ್ಲವಾಗುತ್ತದೆ.

ಒಬ್ಬರನ್ನೇ ಕಳಿಸುವ ದಿನ

ತಿಂಗಳ ಲೆಕ್ಕದಲ್ಲಿ ಇದನ್ನು ತೀರ್ಮಾನಿಸಬೇಡಿ. ಮೂರು ವಿಷಯ ನೋಡಿ. ಹೇಳದೆಯೇ ಗಾಜಿನ ಮೂಲೆಯ ಮುದ್ರೆ ಹುಡುಕುತ್ತಾರಾ? ತಮ್ಮ ತಪ್ಪನ್ನು ತಾವೇ ಬಂದು ಹೇಳುತ್ತಾರಾ? ಅಪಾಯ ಅನ್ನಿಸಿದಾಗ ‘ಇದನ್ನು ನಾನು ಮಾಡುವುದಿಲ್ಲ’ ಎನ್ನುವ ಧೈರ್ಯ ಇದೆಯಾ? ಮೂರನೆಯದು ಬರುವುದಕ್ಕೆ ಎಲ್ಲಕ್ಕಿಂತ ತಡವಾಗುತ್ತದೆ. ಹಾಗೆ ಹೇಳಿದ ಮೊದಲ ಸಲ ನೀವು ಬೈದರೆ ಅದು ಮತ್ತೆ ಬರುವುದೇ ಇಲ್ಲ.

ಮೊದಲ ಒಂಟಿ ಕೆಲಸಕ್ಕೆ ಒಂದೇ ಅಂತಸ್ತಿನ ಮನೆ, ಅವರನ್ನು ಆಗಲೇ ನೋಡಿ ಗೊತ್ತಿರುವ ಗಿರಾಕಿ, ಏಣಿ ಬೇಡದ ಕೆಲಸ ಆರಿಸಿ. ಗಿರಾಕಿಗೆ ಮೊದಲೇ ಹೇಳಿಡಿ. ಕೆಲಸದ ನಡುವೆ ಹೋಗಿ ಹಿಂದೆ ನಿಲ್ಲಬೇಡಿ, ಮುಗಿದ ಮೇಲೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಇಬ್ಬರೂ ಸೇರಿ ಹೋಗಿ. ನೇರಕ್ಕೆ ನಿಂತರೆ ಯಾವ ಗಾಜೂ ಚೆನ್ನಾಗಿಯೇ ಕಾಣುತ್ತದೆ. ಪಕ್ಕದಿಂದ ನೋಡಿ, ಅಂಚುಗಳಲ್ಲಿ ನೀರು ನಿಂತ ಗುರುತು ಇದೆಯಾ, ಎರಡು ಪಟ್ಟಿ ಸೇರುವಲ್ಲಿ ಗೆರೆ ಇದೆಯಾ ಅಂತ. ನೀವು ಬೆರಳು ತೋರಿಸುವ ಮುಂಚೆ ಅವರೇ ಜೇಬಿನಿಂದ ಒಣ ಬಟ್ಟೆ ತೆಗೆದು ಆ ಮೂಲೆಗೆ ಹೋದರೆ, ನಾಳೆ ಎರಡು ಮನೆ ಕೊಡಬಹುದು.